ಶ್ರೆಡ್ಡರ್‌ನಲ್ಲಿ ಕಾಗದ ಸಿಕ್ಕಿಕೊಂಡರೆ: ಬಿಡಿಸುವ ಕ್ರಮ, ಮತ್ತೆ ಸಿಕ್ಕದಂತೆ ನೋಡಿಕೊಳ್ಳುವ ಬಗೆ

ಕಾಗದವನ್ನು ಚೂರುಚೂರಾಗಿ ಕತ್ತರಿಸುವ ಯಂತ್ರವೇ ಶ್ರೆಡ್ಡರ್. ಮನೆಯ ಚಿಕ್ಕ ಶ್ರೆಡ್ಡರ್ ಅರ್ಧದಲ್ಲಿ ನಿಂತಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ. ಮೇಲೆ ಕಾಣುವ ಕಾಗದದ ತುದಿ ಹಿಡಿದು ಜೋರಾಗಿ ಎಳೆಯುತ್ತಾರೆ. ತುದಿ ಹರಿದು ಕೈಗೆ ಬರುತ್ತದೆ, ಮಿಕ್ಕಿದ್ದು ಒಳಗೇ ಕಚ್ಚಿಕೊಂಡಿರುತ್ತದೆ, ಹಿಡಿಯಲು ಇದ್ದ ಒಂದೇ ಹಿಡಿಕೆಯೂ ಹೋಯಿತು. ಬಹಳ ಸಲ ತೊಂದರೆ ಮೇಲಿರುವುದೇ ಇಲ್ಲ, ಕೆಳಗಿರುತ್ತದೆ. ಬುಟ್ಟಿ ತುಂಬಿ ಚೂರುಗಳು ಬ್ಲೇಡಿನವರೆಗೂ ಏರಿರುತ್ತವೆ. ಬೀಳಲು ಜಾಗವಿಲ್ಲದ ಚೂರು ತಿರುಗುವ ಹಲ್ಲಿನ ಜೊತೆಗೇ ಮೇಲೆ ಹೋಗಿ ಸಂದಿಯಲ್ಲಿ ಒತ್ತಿಕೊಳ್ಳುತ್ತದೆ. ಅದಕ್ಕೇ ಜಾಮ್ ಬಿಡಿಸುವುದನ್ನು ಕೆಳಗಿನಿಂದ ಶುರುಮಾಡಿ. ಈ ಒಂದು ಅಭ್ಯಾಸ ಬಂದರೆ ಅರ್ಧ ಕೆಲಸ ಆದಂತೆ.

ಆಧಾರ್ ಝೆರಾಕ್ಸ್, ಪ್ಯಾನ್ ಕಾರ್ಡಿನ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ರದ್ದು ಮಾಡಿದ ಚೆಕ್, ಲ್ಯಾಬ್ ರಿಪೋರ್ಟ್, ಹಳೇ ಸಂಬಳದ ಚೀಟಿ, ಇವೆಲ್ಲ ಪ್ರತಿ ಮನೆಯಲ್ಲೂ ಕಟ್ಟುಗಟ್ಟಲೆ ಸೇರುತ್ತವೆ. ಇಡಿಯಾಗಿ ಗುಜರಿಗೆ ಹಾಕಿದರೆ ಬೋಂಡಾ ಕಟ್ಟಿಕೊಡುವ ಕಾಗದವಾಗಿ ಯಾರ ಕೈ ಸೇರುತ್ತವೋ ಹೇಳಲಾಗದು. ಶ್ರೆಡ್ಡರ್ ಕೊಂಡವರು ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ. ಒಂದೆರಡು ಸಲ ಜಾಮ್ ಆಯಿತೆಂದು ಅದನ್ನು ಅಟ್ಟಕ್ಕೆ ಸೇರಿಸಿ, ಮತ್ತೆ ಕಾಗದಗಳನ್ನು ಹಾಗೇ ಎಸೆಯುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಜಾಮ್ ಆದ ಯಂತ್ರ ಕೆಟ್ಟ ಯಂತ್ರವಲ್ಲ. ತಾಳ್ಮೆಯಿಂದ ಕೂತರೆ ಇಂಥವುಗಳಲ್ಲಿ ಹೆಚ್ಚಿನವು ಮನೆಯಲ್ಲೇ ಸರಿಹೋಗುತ್ತವೆ.

ಒಳಗೆ ಏನಾಗುತ್ತದೆ

ಮುಚ್ಚಳದೊಳಗೆ ಎರಡು ದಂಡಗಳು ಎದುರುಬದುರಾಗಿ ತಿರುಗುತ್ತವೆ. ಪ್ರತಿ ದಂಡದ ಮೇಲೂ ಹಲ್ಲಿರುವ ಲೋಹದ ಬಿಲ್ಲೆಗಳ ಸಾಲಿದೆ. ಒಂದು ದಂಡದ ಬಿಲ್ಲೆ ಇನ್ನೊಂದರ ಸಂದಿಗೆ ಇಳಿದು ಕತ್ತರಿಯಂತೆ ಕಾಗದವನ್ನು ಕತ್ತರಿಸುತ್ತದೆ. ಚೂರು ದಂಡಕ್ಕೆ ಸುತ್ತಿಕೊಳ್ಳದಂತೆ ಕೆರೆದು ಬೀಳಿಸಲು ಬಿಲ್ಲೆಗಳ ನಡುವೆ ತೆಳುವಾದ ಪಟ್ಟಿಗಳಿರುತ್ತವೆ. ಬಿಲ್ಲೆಗೂ ಈ ಪಟ್ಟಿಗೂ ಇರುವ ಅಂತರ ತೀರಾ ಕಿರಿದು. ಕಾಗದದ ಹುಡಿ, ಗೋಂದು, ಒದ್ದೆ ಚೂರು ಸೇರಿ ಗಟ್ಟಿಯಾಗುವುದು ಅಲ್ಲೇ.

ಕಬ್ಬಿನ ಹಾಲಿನ ಅಂಗಡಿಯಲ್ಲಿ ದಪ್ಪ ಜಲ್ಲೆ ಕಚ್ಚಿಕೊಂಡಾಗ ಅಂಗಡಿಯವರು ಏನು ಮಾಡುತ್ತಾರೆ ನೋಡಿ. ಜಲ್ಲೆಯನ್ನು ಎಳೆದಾಡುವುದಿಲ್ಲ. ಚಕ್ರವನ್ನು ಹಿಂದಕ್ಕೆ ತಿರುಗಿಸಿ, ಸಡಿಲವಾದ ಮೇಲೆ ಮತ್ತೆ ಮುಂದಕ್ಕೆ ಬಿಡುತ್ತಾರೆ. ಶ್ರೆಡ್ಡರ್‌ಗೂ ಅದೇ ನ್ಯಾಯ.

ಕೈ ಹಾಕುವ ಮೊದಲು

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಪಕ್ಕಕ್ಕಿಡಿ. ಕಾರಣವಿದೆ. ಮನೆಬಳಕೆಯ ಶ್ರೆಡ್ಡರ್‌ಗಳು ಸಾಮಾನ್ಯವಾಗಿ 'ಆಟೊ'ದಲ್ಲಿರುತ್ತವೆ, ಬಾಯಿಯ ನಡುವಿನ ಸೆನ್ಸರ್‌ಗೆ ಏನಾದರೂ ಅಡ್ಡ ಬಂದ ಕೂಡಲೇ ತಾವಾಗಿ ಓಡುತ್ತವೆ. ಕಾಗದ ಸಿಕ್ಕಿಕೊಂಡಿರುವಾಗಲೇ ಕರೆಂಟ್ ಹೋಯಿತು ಅನ್ನಿ. ಯಂತ್ರ ನಿಂತಿದೆ ಎಂದು ನೀವು ಬೆರಳು ಇಳಿಸಿದ ಹೊತ್ತಿಗೆ ಕರೆಂಟ್ ಬಂದರೆ ಬ್ಲೇಡ್ ತಾನಾಗಿ ತಿರುಗುತ್ತದೆ. ನಮ್ಮ ಊರುಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳಬೇಕಾಗಿಲ್ಲವಲ್ಲ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ವೇಲು, ಉದ್ದ ಜಡೆ, ಕತ್ತಿನ ಸರ, ಆಫೀಸಿನ ಐಡಿ ಕಾರ್ಡಿನ ಪಟ್ಟಿ ಯಾವುದೂ ಯಂತ್ರದ ಬಾಯಿಯ ಮೇಲೆ ತೂಗಬಾರದು. ಮಕ್ಕಳು ಹತ್ತಿರ ಇದ್ದರೆ ಈ ಕೆಲಸ ಆಮೇಲೆ ಮಾಡಿ. ದೊಡ್ಡವರ ಬೆರಳು ಇಳಿಯದ ಸಂದಿಗೆ ಮಗುವಿನ ಬೆರಳು ಇಳಿಯುತ್ತದೆ. ಕೆಲಸವಿಲ್ಲದ ಸಮಯದಲ್ಲೂ ಪ್ಲಗ್ ಕಿತ್ತೇ ಇಡುವುದು ಮಕ್ಕಳಿರುವ ಮನೆಯಲ್ಲಿ ಕಡ್ಡಾಯವೆಂದೇ ತಿಳಿಯಿರಿ.

ಹತ್ತಿರ ಇಟ್ಟುಕೊಳ್ಳಬೇಕಾದ್ದು ಹೆಚ್ಚೇನಿಲ್ಲ: ಹಳೇ ಪೇಪರ್, ಒಂದು ಉದ್ದ ಚಿಮುಟ ಅಥವಾ ನೋಸ್ ಪ್ಲೇಯರ್, ಐಸ್‌ಕ್ರೀಂ ಕಡ್ಡಿಯಂಥ ಚಪ್ಪಟೆ ಮರದ ಕಡ್ಡಿ, ಟಾರ್ಚ್, ಶ್ರೆಡ್ಡರ್ ಎಣ್ಣೆ.

ಬಿಡಿಸುವ ಕ್ರಮ

ಮೊದಲ ಹೆಜ್ಜೆ ಬುಟ್ಟಿ ಖಾಲಿ ಮಾಡುವುದು. ಬುಟ್ಟಿ ಅರ್ಧ ತುಂಬಿದಂತೆ ಕಂಡರೂ ಖಾಲಿ ಮಾಡಿ. ಚೂರುಗಳು ಬ್ಲೇಡಿನ ಕೆಳಗೆ ಗೋಪುರದಂತೆ ನಿಲ್ಲುತ್ತವೆ, ಸುತ್ತಲೂ ಜಾಗ ಇದ್ದರೂ ನಡುವೆ ತುದಿ ಹಲ್ಲಿಗೆ ತಾಗುತ್ತಿರುತ್ತದೆ. ಮುಚ್ಚಳದ ಭಾಗವನ್ನು ಎತ್ತಿ ಪೇಪರಿನ ಮೇಲೆ ಇಟ್ಟು, ಕೆಳಗೆ ತೂಗುತ್ತಿರುವ ಚೂರುಗಳನ್ನು ಚಿಮುಟದಿಂದ ಹಿಡಿದು ಕೆಳಮುಖವಾಗಿ ಎಳೆಯಿರಿ. ಬಂದಷ್ಟು ಬರಲಿ. ಕೈಬೆರಳಿನಿಂದ ಬ್ಲೇಡನ್ನು ಸವರಬೇಡಿ, ನಿಂತ ಬ್ಲೇಡೂ ಕೊಯ್ಯುತ್ತದೆ.

ಎರಡನೆಯದು ರಿವರ್ಸ್. ಮುಚ್ಚಳವನ್ನು ಬುಟ್ಟಿಯ ಮೇಲೆ ಸರಿಯಾಗಿ ಕೂರಿಸಿ, ಸ್ವಿಚ್ ಆಫ್‌ನಲ್ಲಿರುವಾಗಲೇ ಪ್ಲಗ್ ಹಾಕಿ, ಆಮೇಲೆ ರಿವರ್ಸ್ ಒತ್ತಿ. ಎರಡು ಮೂರು ಸೆಕೆಂಡು ಸಾಕು. ಕಾಗದ ಮೇಲಕ್ಕೆ ಸರಿಯತೊಡಗಿದರೆ ತುದಿಯನ್ನು ಎರಡೂ ಕೈಯಲ್ಲಿ ಹಗುರವಾಗಿ, ಅಗಲವಾಗಿ ಹಿಡಿದುಕೊಳ್ಳಿ. ಅದು ಬರುವ ವೇಗಕ್ಕೆ ಕೈ ಹೋಗಬೇಕೇ ಹೊರತು ಕೈಯ ವೇಗಕ್ಕೆ ಅದು ಬರುವುದಲ್ಲ. ಅಲುಗದಿದ್ದರೆ ಆಫ್ ಮಾಡಿ, ಮೋಟಾರು ಪೂರ್ತಿ ನಿಂತ ಮೇಲೆ ಒಂದೆರಡು ಸೆಕೆಂಡು ಮುಂದಕ್ಕೆ ಓಡಿಸಿ, ಮತ್ತೆ ಆಫ್, ಮತ್ತೆ ರಿವರ್ಸ್. ಮುಂದಕ್ಕೆ ಓಡುತ್ತಿರುವ ಮೋಟಾರನ್ನು ನಡುವೆ ನಿಲ್ಲಿಸದೆ ನೇರವಾಗಿ ಹಿಂದಕ್ಕೆ ತಳ್ಳಬೇಡಿ. ಗೇರಿನ ಹಲ್ಲು ಮುರಿಯುವುದು ಆಗಲೇ.

ಈ ಹೊತ್ತಿನಲ್ಲಿ ಕಿವಿ ಕಣ್ಣಿಗಿಂತ ಮುಖ್ಯ. ಮೋಟಾರು 'ಗುಂಯ್' ಎನ್ನುತ್ತಿದ್ದು ಬ್ಲೇಡ್ ಅಲುಗದಿದ್ದರೆ ತಕ್ಷಣ ಆಫ್ ಮಾಡಿ. ತಿರುಗಲಾಗದ ಮೋಟಾರಿಗೆ ಕರೆಂಟ್ ಹರಿಯುತ್ತಲೇ ಇದ್ದರೆ ಅದು ಬಿಸಿಯಾಗಿ ಸುಡುತ್ತದೆ. ಸುಟ್ಟ ವಾಸನೆ ಬಂದರೆ ಅವತ್ತಿಗೆ ಕೆಲಸ ನಿಲ್ಲಿಸಿ, ಪ್ಲಗ್ ಕೀಳಿ.

ಎರಡು ಮೂರು ಸಲ ಹಿಂದೆಮುಂದೆ ಮಾಡಿದರೂ ಬಾರದಿದ್ದರೆ ಎಣ್ಣೆಯ ಸರದಿ. ಪ್ಲಗ್ ಕಿತ್ತು, ಬಾಯಿಯ ಉದ್ದಕ್ಕೂ ಸಿಕ್ಕಿಕೊಂಡಿರುವ ಕಾಗದದ ಮೇಲೆ ಎಣ್ಣೆಯನ್ನು ಹನಿಹನಿಯಾಗಿ ಬಿಡಿ. ನಡುವಿನ ಸೆನ್ಸರ್ ಮೇಲೆ ಬೀಳದಂತೆ ನೋಡಿಕೊಳ್ಳಿ. ಗಟ್ಟಿಯಾದ ಉಂಡೆಗೆ ಎಣ್ಣೆ ಇಳಿಯಲು ಹೊತ್ತು ಬೇಕು, ಕನಿಷ್ಠ ಅರ್ಧ ಗಂಟೆ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಜನ ಬಿಟ್ಟುಬಿಡುವುದು ಈ ಕಾಯುವ ಕೆಲಸವನ್ನೇ. ಎಣ್ಣೆ ಹಾಕಿ ಎರಡು ನಿಮಿಷಕ್ಕೆ ಬಟನ್ ಒತ್ತಿ 'ಏನೂ ಆಗಲಿಲ್ಲ' ಎನ್ನುತ್ತಾರೆ. ಕಾಗದ ಎಣ್ಣೆ ಹೀರಿ ಮೆತ್ತಗಾದ ಮೇಲೆ ರಿವರ್ಸ್ ಒತ್ತಿ ನೋಡಿ, ಬದಲಾವಣೆ ನಿಮಗೇ ಕಾಣುತ್ತದೆ.

ಆಗಲೂ ಹಟ ಹಿಡಿದರೆ ಪ್ಲಗ್ ಕಿತ್ತ ಯಂತ್ರದ ತಲೆಯನ್ನು ಮಗುಚಿ, ಟಾರ್ಚ್ ಬೆಳಕಿನಲ್ಲಿ ಎಲ್ಲಿ ಕಾಗದ ದಟ್ಟವಾಗಿದೆ ಎಂದು ಹುಡುಕಿ. ಜಾಮ್ ಇಡೀ ಉದ್ದಕ್ಕೂ ಇರುವುದು ಅಪರೂಪ, ಸಾಮಾನ್ಯವಾಗಿ ಒಂದು ಅಂಚಿನಲ್ಲೋ ನಡುವೆಯೋ ಎರಡು ಮೂರು ಬಿಲ್ಲೆಗಳ ಸಂದಿಯಲ್ಲಿರುತ್ತದೆ. ಅಲ್ಲಿಗೆ ಮಾತ್ರ ಮರದ ಕಡ್ಡಿಯಿಂದ ಮೀಟಿ, ಚಿಮುಟದಿಂದ ಎಳೆ ಎಳೆಯಾಗಿ ತೆಗೆಯಿರಿ. ಚಾಕು, ಸ್ಕ್ರೂ ಡ್ರೈವರ್ ಬೇಡ. ಉಕ್ಕು ಜಾರಿ ಹಲ್ಲಿನ ಅಂಚು ಮುರಿದರೆ ಆ ಜಾಗದಲ್ಲಿ ಕಾಗದ ಸರಿಯಾಗಿ ಕತ್ತರಿಸದೆ ಪದೇ ಪದೇ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಕವರ್ ಅಥವಾ ದಾರ ದಂಡಕ್ಕೆ ಸುತ್ತಿದ್ದರೆ ಚಿಕ್ಕ ಕತ್ತರಿಯಿಂದ ತುಂಡುಮಾಡಿಯೇ ತೆಗೆಯಬೇಕು, ಅದು ರಿವರ್ಸ್‌ಗೆ ಬಗ್ಗುವುದಿಲ್ಲ.

ಸ್ವಲ್ಪವೇ ಚೂರು ಉಳಿದು ಬ್ಲೇಡ್ ತಿರುಗುವಂತಾದರೆ, ಫೈಲಿನ ರಟ್ಟಿಗಿಂತ ತೆಳುವಾದ, ಮಾಮೂಲಿ ಕಾಗದಕ್ಕಿಂತ ಗಟ್ಟಿಯಾದ ಒಂದೇ ಹಾಳೆಯನ್ನು ನೇರವಾಗಿ ಇಳಿಸಿ. ಉಳಿದ ಚೂರನ್ನು ಅದೇ ಕೆಳಗೆ ತಳ್ಳಿಕೊಂಡು ಹೋಗುತ್ತದೆ. ಬಳಿಕ ಐದಾರು ಸೆಕೆಂಡು ಖಾಲಿ ರಿವರ್ಸ್ ಓಡಿಸಿ, ಒಂದು ಸಾದಾ ಹಾಳೆ ಹಾಕಿ ನೋಡಿ. ಶಬ್ದ ಒಂದೇ ಸಮ ಇದ್ದರೆ ಕೆಲಸ ಮುಗಿಯಿತು.

ಜಾಮ್ ಅಲ್ಲದ ಜಾಮ್

ಕಾಗದವೇ ಸಿಕ್ಕಿಕೊಳ್ಳದೆ ಯಂತ್ರ ನಿಲ್ಲುವುದೂ ಉಂಟು. ಚಿಕ್ಕ ಶ್ರೆಡ್ಡರ್‌ಗಳು ಎರಡು ಮೂರು ನಿಮಿಷ ಓಡಿ ಅರ್ಧ ಗಂಟೆಯೋ ಇನ್ನೂ ಹೆಚ್ಚೋ ವಿಶ್ರಾಂತಿ ಪಡೆಯುವಂತೆ ಮಾಡಿದವು. ನಿಮ್ಮ ಯಂತ್ರದ ಲೆಕ್ಕ ಜೊತೆಗೆ ಬಂದ ಪುಸ್ತಿಕೆಯಲ್ಲಿರುತ್ತದೆ. ಬಿಸಿ ಹೆಚ್ಚಾದಾಗ ಒಳಗಿನ ರಕ್ಷಣಾ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ. ಆಗ ಬಟನ್ ಒತ್ತಿ ಒತ್ತಿ ಪ್ರಯೋಜನವಿಲ್ಲ, ತಣಿಯಲು ಬಿಡಬೇಕು. ವರ್ಷದ ಕಾಗದವನ್ನೆಲ್ಲ ಒಂದೇ ಭಾನುವಾರ ಮುಗಿಸಲು ಕೂತವರಿಗೆ ಇದು ಗ್ಯಾರಂಟಿ ಆಗುವಂಥದ್ದು.

ಏನೇ ಒತ್ತಿದರೂ ಸದ್ದೇ ಇಲ್ಲದಿದ್ದರೆ ಮುಚ್ಚಳ ಬುಟ್ಟಿಯ ಮೇಲೆ ಸರಿಯಾಗಿ ಕೂತಿದೆಯೇ ನೋಡಿ. ಬುಟ್ಟಿ ಸ್ವಲ್ಪ ಓರೆಯಾದರೂ ಸುರಕ್ಷತೆಯ ಸ್ವಿಚ್ ಓಡಲು ಬಿಡುವುದಿಲ್ಲ. ಇನ್ನು ಕಾಗದ ಇಲ್ಲದಿದ್ದರೂ ಓಡುತ್ತಲೇ ಇದ್ದರೆ, ಅಥವಾ ಕಾಗದ ಹಾಕಿದರೂ ಓಡದಿದ್ದರೆ, ಸೆನ್ಸರ್ ಮೇಲೆ ಹುಡಿ ಕೂತಿರಬಹುದು. ಪ್ಲಗ್ ಕಿತ್ತು, ಒಣ ಇಯರ್ ಬಡ್‌ನಿಂದ ಬಾಯಿಯ ನಡುವಿನ ಆ ಚಿಕ್ಕ ಕಣ್ಣನ್ನು ಒರೆಸಿ. ಅಂಗಡಿ ಬಿಲ್ಲಿನಂಥ ಕಿರಿದಾದ ಚೀಟಿಯನ್ನು ಅಂಚಿನಲ್ಲಿ ಹಾಕಿದರೂ ಸೆನ್ಸರ್‌ಗೆ ಕಾಣುವುದಿಲ್ಲ, ನಡುವೆಯೇ ಇಳಿಸಬೇಕು.

ಮತ್ತೆ ಸಿಕ್ಕದಿರಲು: ಹಾಳೆಯ ಲೆಕ್ಕ

ಡಬ್ಬದ ಮೇಲೆ 'ಆರು ಹಾಳೆ' ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 70 ಅಥವಾ 75 ಜಿಎಸ್ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಎಂಬ ಅಳತೆ) ತೂಕದ, ಒಣಗಿದ, ಮಡಿಕೆಯಿಲ್ಲದ ಎ4 ಹಾಳೆಯ ಲೆಕ್ಕ, ಅದೂ ಬ್ಲೇಡ್ ಹೊಸದಿರುವಾಗ. ಮನೆಯಲ್ಲಿ ಅಂಥ ಕಾಗದ ಎಲ್ಲಿ ಸಿಗುತ್ತದೆ? ಬ್ಯಾಂಕಿನಿಂದ ಬಂದ ಪತ್ರ ಮೂರು ಮಡಿಕೆಯಾಗಿರುತ್ತದೆ. ಬಿಡಿಸದೆ ಹಾಕಿದರೆ ಒಂದೇ ಹಾಳೆ ಮೂರಾಗುತ್ತದೆ, ಎರಡು ಪತ್ರ ಹಾಕಿದರೆ ಆರರ ಮಿತಿ ಮುಗಿಯಿತು. ಲಗ್ನಪತ್ರಿಕೆಯ ಲೆಕ್ಕ ಇನ್ನೂ ಜೋರು. 300 ಜಿಎಸ್ಎಂ ಕಾರ್ಡು 75ರ ನಾಲ್ಕು ಹಾಳೆಗೆ ಸಮ, ಅದನ್ನು ಮಡಿಚಿದಂತೆಯೇ ಹಾಕಿದರೆ ಎಂಟು. ಮೇಲೆ ಜರಿಯಂಥ ಫಾಯಿಲ್, ಅಂಟಿಸಿದ ಗಣಪತಿ, ಕಟ್ಟಿದ ದಾರ ಬೇರೆ. ಲಗ್ನಪತ್ರಿಕೆಯನ್ನು ಶ್ರೆಡ್ಡರ್‌ಗೆ ಹಾಕುವ ಅಗತ್ಯವಾದರೂ ಏನು? ಫೋನ್ ನಂಬರ್, ವಿಳಾಸ ಇರುವ ಭಾಗವನ್ನು ಕೈಯಲ್ಲೇ ಹರಿದರೆ ಸಾಕು.

ನನ್ನ ಸಲಹೆ ಇಷ್ಟು: ಬರೆದಿರುವ ಸಂಖ್ಯೆಯ ಅರ್ಧಕ್ಕಿಂತ ಒಂದು ಹೆಚ್ಚು, ಅಷ್ಟೇ. ಆರಿದ್ದರೆ ನಾಲ್ಕು, ಹತ್ತಿದ್ದರೆ ಆರು. ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಆದರೆ ಒಂದು ಜಾಮ್ ಬಿಡಿಸುವ ಹೊತ್ತಿನಲ್ಲಿ ಎಷ್ಟು ಹಾಳೆ ಕತ್ತರಿಸಬಹುದಿತ್ತು ಎಂದು ಯೋಚಿಸಿ. ಹಾಳೆಯನ್ನು ನೇರವಾಗಿ ಇಳಿಸಿ. ಓರೆಯಾದ ಹಾಳೆ ಒಳಗೆ ಹೋಗುತ್ತ ಒಂದು ಅಂಚಿಗೆ ಸರಿದು ಮಡಚಿಕೊಂಡು, ಆ ಜಾಗದಲ್ಲಿ ದಪ್ಪ ಇಮ್ಮಡಿಯಾಗುತ್ತದೆ.

ಬಾಯಿಗೆ ಹಾಕಬಾರದವು

ಸ್ಟೇಪ್ಲರ್ ಪಿನ್ ತಡೆದುಕೊಳ್ಳುತ್ತದೆ ಎಂದು ಕೆಲವು ಯಂತ್ರಗಳ ಪುಸ್ತಿಕೆಯಲ್ಲಿರುತ್ತದೆ. ಆದರೂ ಕಿತ್ತೇ ಹಾಕಿ, ಮೂಲೆಯನ್ನು ಹರಿದುಬಿಟ್ಟರೂ ಆಯಿತು. ಜೆಮ್ ಕ್ಲಿಪ್, ಗುಂಡುಪಿನ್, ಫೈಲಿಗೆ ಕಟ್ಟುವ ಲೋಹದ ತುದಿಯ ಟ್ಯಾಗ್ ಖಂಡಿತ ಬೇಡ.

ಅಂಟು ಅದಕ್ಕಿಂತ ದೊಡ್ಡ ಶತ್ರು. ಕೊರಿಯರ್ ಡಬ್ಬದ ವಿಳಾಸದ ಲೇಬಲ್, ಸೆಲ್ಲೋಟೇಪ್ ಹಚ್ಚಿದ ಕಾಗದ, ಗೋಂದಿನ ಪಟ್ಟಿಯ ಲಕೋಟೆ ಇವು ಅವತ್ತೇ ಜಾಮ್ ಮಾಡದಿರಬಹುದು. ಆದರೆ ಬ್ಲೇಡಿನ ಮೇಲೆ ತೆಳುವಾಗಿ ಅಂಟು ಕೂರುತ್ತದೆ, ಅದರ ಮೇಲೆ ಕಾಗದದ ಹುಡಿ, ಅದರ ಮೇಲೆ ಮತ್ತೆ ಅಂಟು. ಕೆಲವು ತಿಂಗಳ ಬಳಿಕ 'ಎರಡೇ ಹಾಳೆ ಹಾಕಿದ್ದು, ಆದರೂ ಸಿಕ್ಕಿಕೊಂಡಿತು' ಎನ್ನುವ ಜಾಮ್‌ಗೆ ಮೂಲ ಹೀಗೆ ಕೂತ ಪದರವೂ ಆಗಿರಬಹುದು. ಲೇಬಲ್‌ನ ವಿಳಾಸದ ಭಾಗವನ್ನು ಹರಿದು ನೀರಿನಲ್ಲಿ ನೆನೆಸಿ ಉಜ್ಜಿಬಿಡಿ.

ಲ್ಯಾಮಿನೇಷನ್ ಮಾಡಿಸಿದ ಆಧಾರ್ ಪ್ರತಿ, ಕಿಟಕಿಯಿರುವ ಲಕೋಟೆ, ಪ್ಲಾಸ್ಟಿಕ್ ಕೊರಿಯರ್ ಕವರ್ ಬಿಸಿಯಾದ ಬ್ಲೇಡಿಗೆ ಮೆತ್ತಿಕೊಳ್ಳುತ್ತವೆ. ಹಳೇ ಡೆಬಿಟ್ ಕಾರ್ಡ್ ಕತ್ತರಿಸುವ ಸೌಲಭ್ಯ ಯಂತ್ರದಲ್ಲಿ ಇಲ್ಲದಿದ್ದರೆ ಕತ್ತರಿಯಿಂದಲೇ ಚಿಪ್ ಮತ್ತು ಕಪ್ಪು ಪಟ್ಟಿ ಎರಡನ್ನೂ ಅಡ್ಡಕ್ಕೆ ಕತ್ತರಿಸಿ. ಅಂದಹಾಗೆ ಆಧಾರ್ ಪ್ರತಿಯೇ ಹೆಚ್ಚು ಸೇರುವ ಮನೆಗಳಲ್ಲಿ, ಒಪ್ಪುವ ಕಡೆಯಲ್ಲೆಲ್ಲ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ. ಆಧಾರ್ ನೀಡುವ ಸಂಸ್ಥೆಯಾದ ಯುಐಡಿಎಐ ತಾಣದಿಂದಲೇ ಅದನ್ನು ಇಳಿಸಿಕೊಳ್ಳಬಹುದು.

ಮಳೆಗಾಲ

ಕಾಗದ ಗಾಳಿಯ ತೇವವನ್ನು ಹೀರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಹಾಳೆ ಕೂಡ ಮೆತ್ತಗಾಗಿ ಬಾಗುತ್ತದೆ. ಅಂಥ ಹಾಳೆ ಚಟ್ಟೆಂದು ಕತ್ತರಿಸಿಕೊಳ್ಳುವುದಿಲ್ಲ, ಜಗ್ಗುತ್ತದೆ, ಸಂದಿಯಲ್ಲಿ ಮುದ್ದೆಯಾಗುತ್ತದೆ. ಬಿಸಿಲು ಬಿದ್ದ ದಿನ ಕಾಗದ ಹರವಿ ಒಣಗಿಸಿ, ಇಲ್ಲವೇ ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಡಿ. ತುರ್ತಿಲ್ಲದ ಕಾಗದವನ್ನು ದೀಪಾವಳಿ ಕಳೆದ ಮೇಲೆ ಕತ್ತರಿಸಿದರೂ ನಷ್ಟವಿಲ್ಲ. ಯಂತ್ರವನ್ನು ಒದ್ದೆ ನೆಲದ ಮೇಲೆ, ಬಚ್ಚಲಿನ ಗೋಡೆಗೆ ಒತ್ತಿ ಇಡಬೇಡಿ. ವೋಲ್ಟೇಜ್ ತೀರಾ ಇಳಿದಿರುವ ಸಂಜೆಗಳಲ್ಲಿ ಕೂಡ ಕೆಲಸ ಮುಂದೂಡಿ, ಮೋಟಾರಿನ ಬಲ ಕುಗ್ಗಿದಾಗ ಮಾಮೂಲಿ ಹಾಳೆಯೂ ಸಿಕ್ಕಿಕೊಳ್ಳುತ್ತದೆ.

ಎಣ್ಣೆ

ಶ್ರೆಡ್ಡರ್ ಎಷ್ಟು ನುಣ್ಣಗೆ ಕತ್ತರಿಸುತ್ತದೋ ಅಷ್ಟು ಎಣ್ಣೆ ಬೇಡುತ್ತದೆ. ಜರ್ಮನಿಯ ಡಿಐಎನ್ 66399 ಎಂಬ ಮಾನದಂಡ ಶ್ರೆಡ್ಡರ್‌ಗಳನ್ನು ಕಾಗದಕ್ಕೆ ಪಿ-1ರಿಂದ ಪಿ-7ರವರೆಗೆ ವಿಂಗಡಿಸುತ್ತದೆ. ಪಿ-2 ಅಂದರೆ 6 ಮಿಲಿಮೀಟರಿಗಿಂತ ಅಗಲವಿಲ್ಲದ ಉದ್ದ ಪಟ್ಟಿ, ಎ4 ಹಾಳೆಯೊಂದಕ್ಕೆ ಸುಮಾರು 35 ಪಟ್ಟಿಗಳು. ಪಿ-4ರಲ್ಲಿ ಚೂರು 160 ಚದರ ಮಿಲಿಮೀಟರ್ ಮೀರಬಾರದು, ಅಂದರೆ ಹಾಳೆಯೊಂದಕ್ಕೆ 390ರ ಆಸುಪಾಸು. ಪಿ-5ರಲ್ಲಿ 30 ಚದರ ಮಿಲಿಮೀಟರ್, ಆಗ ಅದೇ ಹಾಳೆ ಎರಡು ಸಾವಿರಕ್ಕೂ ಹೆಚ್ಚು ಚೂರು. ಅಷ್ಟು ಕಡಿತ, ಅಷ್ಟು ಹುಡಿ, ಅಷ್ಟು ಘರ್ಷಣೆ. ಮನೆಗೆ ಪಿ-4 ಧಾರಾಳ ಸಾಕು ಎನ್ನುವುದು ನನ್ನ ಅಭಿಪ್ರಾಯ. ಪಿ-5 ಕೊಂಡವರು ಎಣ್ಣೆ ಹಾಕುವ ಶಿಸ್ತಿಗೂ ಒಪ್ಪಿಕೊಂಡಿರಬೇಕು.

ಪ್ರತಿ ಸಲ ಬುಟ್ಟಿ ಖಾಲಿ ಮಾಡಿದಾಗ ಎಣ್ಣೆ ಹಾಕಿ, ಆಗ ಬೇರೆ ಲೆಕ್ಕ ಇಡಬೇಕಾಗಿಲ್ಲ. ಒಂದು ಹಾಳೆಯ ಮೇಲೆ ಎಣ್ಣೆಯನ್ನು ಅಂಕುಡೊಂಕಾಗಿ ಎಳೆದು, ಆ ಹಾಳೆಯನ್ನು ಶ್ರೆಡ್ಡರ್‌ಗೆ ಬಿಡಿ. ಬಳಿಕ ಹತ್ತು ಸೆಕೆಂಡು ರಿವರ್ಸ್ ಓಡಿಸಿ, ಎಣ್ಣೆ ಎಲ್ಲ ಬಿಲ್ಲೆಗೂ ಹರಡುತ್ತದೆ. ಕೊನೆಗೆ ಒಂದೆರಡು ಒಣ ಹಾಳೆ ಹಾಕಿದರೆ ಹೆಚ್ಚಾದ ಎಣ್ಣೆಯನ್ನು ಅವು ಒರೆಸಿಕೊಳ್ಳುತ್ತವೆ.

ಯಾವ ಎಣ್ಣೆ ಎಂಬುದರಲ್ಲಿ ಎಚ್ಚರ ಬೇಕು. ಶ್ರೆಡ್ಡರ್‌ಗೆಂದೇ ಮಾರುವ ಬಾಟಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಒಂದು ಚಿಕ್ಕ ಬಾಟಲಿ ಬಹಳ ಕಾಲ ಬರುತ್ತದೆ. ಕೈಗೆ ಸಿಗುತ್ತದೆಂದು ಕೊಬ್ಬರಿ ಎಣ್ಣೆ ಹಾಕಬೇಡಿ. ಅದು 24 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಬ್ಲೇಡಿನ ಸಂದಿಯಲ್ಲಿ ಹೆಪ್ಪಾದ ಎಣ್ಣೆ ಹುಡಿಯನ್ನು ಹಿಡಿದಿಡುವ ಗೋಂದೇ ಆಗುತ್ತದೆ. ಸೂರ್ಯಕಾಂತಿ ಎಣ್ಣೆ ಗಾಳಿಗೆ ನಿಧಾನವಾಗಿ ಜಿಗುಟಾಗುತ್ತದೆ. ಒತ್ತಡದ ಡಬ್ಬಿಯಲ್ಲಿ ಬರುವ ಸ್ಪ್ರೇ ಯಾವುದೂ ಬೇಡ, ತುಕ್ಕು ಬಿಡಿಸುವುದಿರಲಿ, ಹುಡಿ ಊದುವುದಿರಲಿ. ಅವುಗಳ ಅನಿಲಕ್ಕೆ ಬೆಂಕಿ ಹತ್ತುತ್ತದೆ, ಮೋಟಾರಿನೊಳಗೆ ಕಿಡಿ ಏಳುತ್ತದೆ, ಕೆಳಗೆ ಬುಟ್ಟಿ ತುಂಬ ಒಣ ಕಾಗದ. ಈ ಮೂರು ಒಂದೆಡೆ ಸೇರುವಂತೆ ಮಾಡಬಾರದು.

ಯಾವಾಗ ರಿಪೇರಿಯವರಿಗೆ ಕೊಡಬೇಕು

ಮೋಟಾರು ಚೆನ್ನಾಗಿ ತಿರುಗುವ ಸದ್ದು ಬರುತ್ತಿದ್ದು ಬ್ಲೇಡ್ ನಿಂತೇ ಇದ್ದರೆ, ಅಥವಾ 'ಟಕ್ ಟಕ್' ಎಂದು ಲೆಕ್ಕ ಹಿಡಿದಂತೆ ಸದ್ದಾಗುತ್ತಿದ್ದರೆ, ಗೇರಿನ ಹಲ್ಲು ಹೋಗಿರುವ ಸಂಭವ ಹೆಚ್ಚು. ಅಗ್ಗದ ಯಂತ್ರಗಳಲ್ಲಿ ಆ ಗೇರು ಪ್ಲಾಸ್ಟಿಕ್‌ನದು. ಗ್ಯಾರಂಟಿ ಅವಧಿಯೊಳಗಿದ್ದರೆ ಸ್ಕ್ರೂ ಬಿಚ್ಚಬೇಡಿ, ಬಿಚ್ಚಿದರೆ ಗ್ಯಾರಂಟಿ ಹೋಗಬಹುದು. ಅವಧಿ ಮುಗಿದಿದ್ದರೆ ಮಿಕ್ಸಿ ರಿಪೇರಿ ಮಾಡುವವರ ಹತ್ತಿರ ಒಯ್ದು ಕೇಳಿ. 'ಶ್ರೆಡ್ಡರ್ ಓಡುತ್ತಿಲ್ಲ' ಎಂದಷ್ಟೇ ಹೇಳದೆ ಮೋಟಾರಿನ ಸದ್ದು ಬರುತ್ತದೆಯೇ, ಬ್ಲೇಡ್ ಅಲುಗುತ್ತದೆಯೇ, ರಿವರ್ಸ್‌ನಲ್ಲಿ ಏನಾಗುತ್ತದೆ ಈ ಮೂರನ್ನು ಹೇಳಿದರೆ ಅವರಿಗೆ ದೋಷ ಹುಡುಕುವುದು ಸುಲಭ. ಕೊಡುವ ಮೊದಲು ಬುಟ್ಟಿ ಮನೆಯಲ್ಲೇ ಖಾಲಿ ಮಾಡಿ, ಬಾಯಲ್ಲಿ ಸಿಕ್ಕಿಕೊಂಡ ಅರ್ಧ ಹಾಳೆಯಲ್ಲಿ ಖಾತೆ ಸಂಖ್ಯೆಯೋ ಹೆಸರೋ ಓದುವಂತಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆದುಕೊಳ್ಳಿ.